ಹಳೇ ಡಂಪಿ ಲೆವೆಲ್ ಸಿಕ್ಕಿದೆಯಾ? ಉಜ್ಜೋಕೆ ಮುಂಚೆ ಓದಿ

ಚಿತ್ರದುರ್ಗ, ಹಿರಿಯೂರು, ದಾವಣಗೆರೆ ಕಡೆ ಹಳೇ ಓವರ್ಸಿಯರ್‌ಗಳ ಮನೆ ಅಟ್ಟದಲ್ಲಿ ಮರದ ಪೆಟ್ಟಿಗೆಯೊಳಗೆ ಹಿತ್ತಾಳೆ ದುರ್ಬೀನು, ಅದರ ಜೊತೆ ಒಂದು ಗಾಜಿನ ಗುಳ್ಳೆ ಕೊಳವೆ ಕಂಡರೆ ಅದು ಬಹುಶಃ ಡಂಪಿ ಲೆವೆಲ್. ಕೆರೆ ಏರಿಗೆ, ಕಾಲುವೆಗೆ, ರಸ್ತೆಗೆ ನೆಲದ ಏರುತಗ್ಗು ಅಳೆಯುತ್ತಿದ್ದದ್ದು ಇದರಲ್ಲೇ. ಗುಜರಿಯವರು ತೂಕಕ್ಕೆ ಕೇಳುತ್ತಾರೆ. ದಯವಿಟ್ಟು ಕೊಡಬೇಡಿ.

ಹಬ್ಬಕ್ಕೆ ದೀಪ ತಿಕ್ಕಿದ ಹಾಗೆ ಹುಣಸೆಹಣ್ಣು ಹಾಕಿ ತಿಕ್ಕಲೂ ಬೇಡಿ. ಹಿತ್ತಾಳೆ ಮೇಲೆ ಕಾಣೋ ತೆಳು ಹೊಂಬಣ್ಣ ಅರಗಿನ ಲ್ಯಾಕರ್, ತಯಾರಿಸಿದವರೇ ಬಳಿದದ್ದು. ತಿಕ್ಕಿದರೆ ಅದೂ ಹೋಗುತ್ತೆ, ಕೆತ್ತಿದ ಹೆಸರೂ ಸವೆಯುತ್ತೆ. ಮೆತ್ತನೆ ಬ್ರಷ್‌ನಲ್ಲಿ ಧೂಳು ತೆಗೆದು, ಒಣ ಹತ್ತಿ ಬಟ್ಟೆಯಲ್ಲಿ ಹಗುರವಾಗಿ ಒರೆಸಿದರೆ ಸಾಕು. ಸ್ಕ್ರೂ ಬಿಗಿದಿದ್ದರೆ ಹೊಲಿಗೆ ಮಿಷನ್ ಎಣ್ಣೆ ಒಂದು ಹನಿ ಬಿಟ್ಟು ಮಾರನೇ ದಿನ ನೋಡಿ, ಇಕ್ಕಳ ಹಾಕಬೇಡಿ.

ಈಗ ಟಾರ್ಚ್ ಅಡ್ಡ ಹಿಡಿದು ಹೆಸರು ಹುಡುಕಿ. 'ಟ್ರೌಟನ್ ಅಂಡ್ ಸಿಮ್ಸ್, ಲಂಡನ್' ಅಂತಿದ್ದರೆ ಅದು 1826ರಿಂದ 1922ರ ನಡುವಿನದು. ಹೆಸರಿನ ಮೊದಲಿಗೇ 'ಕುಕ್' ಅಂತ ಸೇರಿದ್ದರೆ 1922ರ ನಂತರದ್ದು, ಯಾರ್ಕ್ ನಗರದ ಕುಕ್ ಕಂಪನಿ ಜೊತೆ ಇವರು ಸೇರಿಹೋದ ವರ್ಷ ಅದು. ಸರ್ವೆ ಉಪಕರಣ ನೋಡಿಕೊಳ್ಳುತ್ತಿದ್ದ ಸರ್ಕಾರಿ ಕಚೇರಿ, ಕಲ್ಕತ್ತೆಯ ಮ್ಯಾಥಮೆಟಿಕಲ್ ಇನ್‌ಸ್ಟ್ರುಮೆಂಟ್ ಆಫೀಸಿನ ಮುದ್ರೆಯೂ ಇರಬಹುದು. ಯಾವ ಅಕ್ಷರ, ಯಾವ ನಂಬರ್ ಕಂಡರೂ ಫೋಟೋ ತೆಗೆದು ಬರೆದಿಡಿ.

ಎಡ್ವರ್ಡ್ ಟ್ರೌಟನ್ ಬಗ್ಗೆ ನನಗೆ ತುಂಬಾ ಗೌರವ. 1753ರಲ್ಲಿ ಹುಟ್ಟಿದವರು, ಲಂಡನ್ನಿನ ಫ್ಲೀಟ್ ಸ್ಟ್ರೀಟಿನಲ್ಲಿ ಅಂಗಡಿ. ಬಣ್ಣಗಳ ವ್ಯತ್ಯಾಸ ಅವರ ಕಣ್ಣಿಗೆ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಆದರೂ ಲೋಹದ ವೃತ್ತದ ಮೇಲೆ ಡಿಗ್ರಿ ಗೆರೆ ಕೊರೆಯೋದರಲ್ಲಿ ಅವರಂಥವರು ಕಮ್ಮಿ, ಆ ವಿಧಾನಕ್ಕೇ 1809ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾಪ್ಲೆ ಪದಕ ಬಂತು. ವಯಸ್ಸಾದ ಮೇಲೆ ವಿಲಿಯಂ ಸಿಮ್ಸ್ ಅವರನ್ನು ಪಾಲುದಾರರಾಗಿ ಸೇರಿಸಿಕೊಂಡರು. ಡಂಪಿ ಲೆವೆಲ್ ಮಾತ್ರ ಇವರಿಬ್ಬರ ಕಲ್ಪನೆ ಅಲ್ಲ, ಅದು 1832ರ ಸುಮಾರಿಗೆ ವಿಲಿಯಂ ಗ್ರಾವಟ್ ಅನ್ನೋ ಎಂಜಿನಿಯರ್ ರೂಪಿಸಿದ್ದು.

ಕಣ್ಣಿಟ್ಟು ನೋಡೋ ಕಡೆ ಕೈ ಹಾಕೋಕೆ ಮುಂಚೆ ಒಂದು ಮಾತು. ಒಳಗೆ ಅಡ್ಡ ಉದ್ದ ಕಾಣೋ ಸಣ್ಣ ಗೆರೆಗಳು ಹಳೇ ಲೆವೆಲ್‌ಗಳಲ್ಲಿ ಎಷ್ಟೋ ಸಲ ನಿಜವಾದ ಜೇಡರ ಬಲೆಯ ಎಳೆ. ಆ ಎಳೆ ಬಳಕೆಗೆ ಬರೋದರಲ್ಲಿ ಟ್ರೌಟನ್ ಅವರದೂ ದೊಡ್ಡ ಪಾಲು. ಬಟ್ಟೆ ತಾಗಿಸಿದರೆ ಹರಿಯುತ್ತೆ, ಉಫ್ ಅಂತ ಊದಲೂ ಬೇಡಿ. ನೋಡಿದ್ದು ತಲೆಕೆಳಗಾಗಿ ಕಂಡರೆ ಹೆದರಬೇಡಿ, ಇವು ಇರೋದೇ ಹಾಗೆ.

ಇನ್ನೂ ಕೆಲಸ ಮಾಡುತ್ತಾ ಅಂತ ನೋಡಬೇಕಾ? ಬೆಳಗ್ಗೆ ಬೇಗ ಹೋಗಿ. ನಮ್ಮ ಕಡೆ ಬಿಸಿಲೇರಿದರೆ ಸ್ಟಾಫ್ (ನೆಟ್ಟಗೆ ಹಿಡಿಯೋ ಅಳತೆ ಕೋಲು) ಮೇಲಿನ ಅಂಕಿಗಳು ಕುಣಿಯುತ್ತವೆ, ಗುಳ್ಳೆಯೂ ಕಾವಿಗೆ ಚಿಕ್ಕದಾಗುತ್ತೆ. 50 ಮೀಟರ್ ದೂರದಲ್ಲಿ ಎರಡು ಗೂಟ ಹೊಡೆದು, ಲೆವೆಲನ್ನು ಸರಿ ಮಧ್ಯದಲ್ಲಿ ನಿಲ್ಲಿಸಿ, ಎರಡೂ ಗೂಟದ ಮೇಲೆ ಸ್ಟಾಫ್ ಇಟ್ಟು ಓದಿಕೊಳ್ಳಿ. ಎರಡೂ ಕಡೆ ದೂರ ಒಂದೇ ಆದ್ದರಿಂದ ಲೆವೆಲ್‌ನಲ್ಲಿ ದೋಷ ಇದ್ದರೂ ವಜಾ ಆಗಿ ಸರಿಯಾದ ವ್ಯತ್ಯಾಸವೇ ಸಿಗುತ್ತೆ. ಆಮೇಲೆ ಲೆವೆಲನ್ನು ಒಂದು ಗೂಟದ ಹತ್ತಿರಕ್ಕೆ ಒಯ್ದು ಮತ್ತೆ ಎರಡನ್ನೂ ಓದಿ. ವ್ಯತ್ಯಾಸ ಅಷ್ಟೇ ಬಂದರೆ ನಿಮ್ಮ ಲೆವೆಲ್ ಸರಿಯಾಗಿದೆ. ಬರದಿದ್ದರೆ ನೀವೇ ಸ್ಕ್ರೂ ತಿರುಗಿಸಬೇಡಿ, ಹತ್ತಿರದ ಪಾಲಿಟೆಕ್ನಿಕ್ಕಿನ ಸರ್ವೆ ಲ್ಯಾಬಿನವರಿಗೆ ತೋರಿಸಿ.