ಜರ್ಮನಿಯ ಬಾಡಿಗೆ ಮನೆಯಲ್ಲಿ ಸಂಸಾರ ಹೂಡುವವರಿಗೆ

ಜರ್ಮನಿಯಲ್ಲಿ ಬಾಡಿಗೆಗೆ ಸಿಗುವ ಅನೇಕ ಮನೆಗಳು ಅಕ್ಷರಶಃ ಬರಿದಾಗಿರುತ್ತವೆ ಎಂಬುದನ್ನು ಊರಿನಿಂದ ಹೊರಡುವ ಮೊದಲೇ ತಿಳಿದಿದ್ದರೆ ಒಳ್ಳೆಯದು. ಗೋಡೆ, ನೆಲ, ಕಿಟಕಿ, ಬಚ್ಚಲು, ಕೋಣೆ ಬೆಚ್ಚಗಿಡುವ ರೇಡಿಯೇಟರ್ ಇರುತ್ತವೆ. ಅಡುಗೆಮನೆಯಲ್ಲಿ ನೀರಿನ ಕೊಳವೆ ಮತ್ತು ಒಲೆಗೆ ಬೇಕಾದ ವಿದ್ಯುತ್ ಸಂಪರ್ಕ ಬಿಟ್ಟರೆ ಸಿಂಕ್ ಕೂಡ ಇಲ್ಲದಿರಬಹುದು, ದೀಪವಿರಬೇಕಾದ ಕಡೆ ಚಾವಣಿಯಿಂದ ತಂತಿ ಮಾತ್ರ ಇಳಿಬಿದ್ದಿರಬಹುದು. ಇದನ್ನು ನೋಡಿ ಗಾಬರಿಯಾಗಿ ಮೊದಲ ಶನಿವಾರವೇ ಐಕಿಯಾಗೆ ಹೋಗಿ ಮೂರು ಕಪಾಟು, ಒಂದು ಸೋಫಾ ತಂದು ಸಿಕ್ಕ ಗೋಡೆಗೆ ಆನಿಸಿಬಿಡುವುದು ಹೊಸಬರಲ್ಲಿ ಸಾಮಾನ್ಯ. ಹಾಗೆ ಮಾಡಬೇಡಿ ಎಂಬುದೇ ನನ್ನ ಮುಖ್ಯ ಸಲಹೆ. ಹಾಸಿಗೆ, ಒಲೆ, ಫ್ರಿಜ್, ಒಂದು ಮೇಜು, ಕುರ್ಚಿಗಳು ಇಷ್ಟರಲ್ಲಿ ಸಾಧ್ಯವಾದಷ್ಟು ದಿನ ಸುಧಾರಿಸಿ, ಯಾವ ಗೋಡೆ ತಣ್ಣಗಿರುತ್ತದೆ, ಯಾವ ಕಿಟಕಿಯ ಗಾಜಿನ ಮೇಲೆ ಬೆಳಗ್ಗೆ ನೀರು ಕೂರುತ್ತದೆ, ನೆಲಮಾಳಿಗೆ ಎಷ್ಟು ಒಣಗಿದೆ ಎಂಬುದನ್ನು ನೋಡಿಕೊಂಡು ಆಮೇಲೆ ದೊಡ್ಡ ಸಾಮಾನು ಕೊಳ್ಳಿ.

ಸಾಮಾನು ಒಳಗೆ ಬರುವ ಮೊದಲೇ ಮುಗಿಸಬೇಕಾದ ಕೆಲಸಗಳು ಕೆಲವಿವೆ. ಬೀಗದ ಕೈ ಪಡೆಯುವ ದಿನ ಮಾಲೀಕರ ಜೊತೆ ನಿಂತು ಊಬರ್‌ಗಾಬೆಪ್ರೊಟೊಕೋಲ್ ಎಂಬ ಹಸ್ತಾಂತರ ಪತ್ರವನ್ನು ತುಂಬಬೇಕು. ನೆಲದ ಗೀರು, ಬಚ್ಚಲಿನ ಬಿರುಕು ಬಿಟ್ಟ ಟೈಲ್, ವಿದ್ಯುತ್ ಮತ್ತು ನೀರಿನ ಮೀಟರಿನ ಅಂಕಿ, ಕೈಗೆ ಬಂದ ಬೀಗದ ಕೈಗಳ ಸಂಖ್ಯೆ ಎಲ್ಲವೂ ಅದರಲ್ಲಿ ದಾಖಲಾಗಿರಲಿ. ಜೊತೆಗೆ ಫೋಟೋಗಳೂ ಇರಲಿ. ಮನೆ ಬಿಡುವಾಗ ನಿಮ್ಮ ಮುಂಗಡ ಹಣ ಪೂರ್ತಿ ವಾಪಸು ಬರುತ್ತದೆಯೇ ಎಂಬುದಕ್ಕೆ ಆ ಕಾಗದವೇ ಆಧಾರ. ಈ ಮುಂಗಡವು ಮೂರು ತಿಂಗಳ ಕಾಲ್ಟ್‌ಮೀಟೆಯನ್ನು, ಅಂದರೆ ಹೀಟಿಂಗ್ ಮುಂತಾದ ಖರ್ಚು ಸೇರದ ಬಾಡಿಗೆಯನ್ನು, ಮೀರುವಂತಿಲ್ಲ. ಅದನ್ನು ಮೂರು ಸಮಾನ ಕಂತುಗಳಲ್ಲಿ ಕೊಡುವ ಹಕ್ಕೂ ಬಾಡಿಗೆದಾರರಿಗಿದೆ. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ರೂಢಿಯಿದ್ದವರಿಗೆ ಇದು ಸ್ವಲ್ಪ ಸಮಾಧಾನದ ಸಂಗತಿ. ಮನೆಗೆ ಬಂದ ಎರಡು ವಾರದೊಳಗೆ ಆನ್‌ಮೆಲ್ಡುಂಗ್, ಅಂದರೆ ವಿಳಾಸ ನೋಂದಣಿ, ಆಗಬೇಕು. ಅದಕ್ಕೆ ಮಾಲೀಕರ ದೃಢೀಕರಣ ಪತ್ರ ಬೇಕಾಗುವುದರಿಂದ ಬೀಗದ ಕೈಯ ಜೊತೆಯಲ್ಲೇ ಅದನ್ನೂ ಕೇಳಿ ಪಡೆಯಿರಿ.

ಅಂಚೆ ಪೆಟ್ಟಿಗೆಯ ಮೇಲೆ ಹೆಸರು ಹಾಕುವುದನ್ನು ಮರುದಿನಕ್ಕೆ ಮುಂದೂಡಬೇಡಿ. ಇಲ್ಲಿನ ವಿಳಾಸಗಳಲ್ಲಿ ಸಾಮಾನ್ಯವಾಗಿ ಫ್ಲ್ಯಾಟಿನ ಸಂಖ್ಯೆ ಇರುವುದಿಲ್ಲ. ಅಂಚೆಯವರು ಪೆಟ್ಟಿಗೆಯ ಮೇಲಿನ ಹೆಸರನ್ನು ನೋಡಿಯೇ ಕಾಗದ ಹಾಕುತ್ತಾರೆ, ಹೆಸರು ಕಾಣದಿದ್ದರೆ ಕಳುಹಿಸಿದವರಿಗೇ ಮರಳಿಸುತ್ತಾರೆ. ಬ್ಯಾಂಕಿನ ಪಿನ್, ತೆರಿಗೆ ಸಂಖ್ಯೆ, ವಿಮೆಯ ಕಾರ್ಡು ಇವೆಲ್ಲ ಅಂಚೆಯಲ್ಲೇ ಬರುವಂಥವು. ನಮ್ಮಲ್ಲಿ ಗಂಡನ ಪಾಸ್‌ಪೋರ್ಟಿನಲ್ಲಿ ಊರ ಹೆಸರು, ಹೆಂಡತಿಯ ಪಾಸ್‌ಪೋರ್ಟಿನಲ್ಲಿ ತಂದೆಯ ಹೆಸರು, ಮಗುವಿನದರಲ್ಲಿ ಮತ್ತೊಂದು ಇರುವುದು ಸಹಜವಾದ್ದರಿಂದ, ಪಾಸ್‌ಪೋರ್ಟಿನಲ್ಲಿ ಕೊನೆಯ ಹೆಸರೆಂದು ಇರುವುದೆಲ್ಲವನ್ನೂ ಪೆಟ್ಟಿಗೆಯ ಮೇಲೂ ಕರೆಗಂಟೆಯ ಮೇಲೂ ಬರೆಯಿರಿ. ಇನ್ನೊಂದು ಎಚ್ಚರಿಕೆ: ಇಲ್ಲಿನ ಮುಂಬಾಗಿಲುಗಳಿಗೆ ಹೊರಗಿನಿಂದ ತಿರುಗುವ ಹಿಡಿ ಇರುವುದು ಅಪರೂಪ, ಬಾಗಿಲು ಮುಚ್ಚಿಕೊಂಡಿತೆಂದರೆ ಬೀಗದ ಕೈ ಇಲ್ಲದೆ ತೆರೆಯಲಾಗುವುದಿಲ್ಲ. ಕಸ ಹಾಕಲು ಹೋದವರು ಹೊರಗೇ ಉಳಿದು, ಭಾನುವಾರ ಬೀಗ ತೆರೆಯುವವರನ್ನು ಕರೆಸಿ ನೂರಾರು ಯೂರೋ ತೆರುವ ಪ್ರಸಂಗ ಬಾರದಿರಬೇಕಾದರೆ, ಒಂದು ಹೆಚ್ಚುವರಿ ಬೀಗದ ಕೈ ಹತ್ತಿರದ ಪರಿಚಿತರ ಮನೆಯಲ್ಲಿರಲಿ.

ಅಡುಗೆಮನೆಯ ವಿಷಯಕ್ಕೆ ಬರೋಣ. ಮನೆ ಬಿಡುತ್ತಿರುವವರು ತಮ್ಮ ಕಪಾಟು, ಸಿಂಕ್, ಒಲೆಗಳನ್ನು ಹೊಸದಾಗಿ ಬರುವವರಿಗೆ ಮಾರಿ ಹೋಗುವ ಪದ್ಧತಿ ಇಲ್ಲಿದೆ. ಬೆಲೆ ನ್ಯಾಯವಾಗಿದ್ದರೆ ಒಪ್ಪಿಕೊಳ್ಳುವುದೇ ಮೇಲು, ಏಕೆಂದರೆ ಹೊಸ ಅಡುಗೆಮನೆಗೆ ಆದೇಶ ಕೊಟ್ಟರೆ ವಾರಗಟ್ಟಲೆ ಕಾಯಬೇಕಾಗುತ್ತದೆ. ಪಾತ್ರೆಗಳನ್ನು ಊರಿನಿಂದ ತರುವ ಮುಂಚೆ ಒಲೆ ಯಾವುದೆಂದು ಕೇಳಿ ತಿಳಿದುಕೊಳ್ಳಿ. ಇಂಡಕ್ಷನ್ ಆಗಿದ್ದರೆ ತಳಕ್ಕೆ ಉಕ್ಕಿನ ಪದರವಿಲ್ಲದ ಅಲ್ಯೂಮಿನಿಯಂ ಕುಕ್ಕರ್ ಬಿಸಿಯೇ ಆಗುವುದಿಲ್ಲ, ದುಂಡು ತಳದ ಬಾಣಲೆ ಯಾವ ಗಾಜಿನ ಒಲೆಗೂ ಹೊಂದುವುದಿಲ್ಲ. ಚಪ್ಪಟೆ ತಳದ ಎರಕದ ಕಬ್ಬಿಣದ ದೋಸೆ ಕಾವಲಿ ಇಂಡಕ್ಷನ್ ಮೇಲೆ ಚೆನ್ನಾಗಿ ಕಾಯುತ್ತದೆ, ಆದರೆ ಅದನ್ನು ಎಳೆಯದೆ ಎತ್ತಿಯೇ ಇಡಬೇಕು. ಎಳೆದರೆ ಗಾಜಿನ ಮೇಲೆ ಗೀರು ಬೀಳುತ್ತದೆ, ಒಲೆ ಮಾಲೀಕರದಾಗಿದ್ದರೆ ಆ ಖರ್ಚು ನಿಮ್ಮ ಮೇಲೆ ಬರುತ್ತದೆ. ಮಿಕ್ಸಿ, ಗ್ರೈಂಡರುಗಳನ್ನು ಧಾರಾಳವಾಗಿ ತನ್ನಿ. ಇಲ್ಲಿಯೂ 230 ವೋಲ್ಟ್, 50 ಹರ್ಟ್ಸ್ ವಿದ್ಯುತ್ತೇ ಇರುವುದರಿಂದ ಅಮೆರಿಕಕ್ಕೆ ಹೋಗುವವರ ತೊಂದರೆ ನಮಗಿಲ್ಲ. ಪ್ಲಗ್ಗಿನ ಆಕಾರ ಮಾತ್ರ ಬೇರೆ, ಆದ್ದರಿಂದ ಅರ್ಥಿಂಗ್ ಇರುವ ಗಟ್ಟಿ ಅಡಾಪ್ಟರ್ ಬೇಕು.

ಸೂಟ್‌ಕೇಸಿನಲ್ಲಿ ತುಪ್ಪ, ಪೇಡ, ಕುಂದಾ ತುಂಬಿಕೊಂಡು ಬರಬೇಡಿ. ಐರೋಪ್ಯ ಒಕ್ಕೂಟದ ಹೊರಗಿನಿಂದ ಪ್ರಯಾಣಿಕರು ಹಾಲಿನ ಮತ್ತು ಮಾಂಸದ ಪದಾರ್ಥಗಳನ್ನು ತರುವಂತಿಲ್ಲ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುತ್ತದೆ. ವಿಚಿತ್ರವೆಂದರೆ ಅಂಥ ಪ್ರಮಾಣಪತ್ರದಿಂದ ವಿನಾಯಿತಿ ಪಡೆದ ಕೆಲವೇ ಹಣ್ಣುಗಳ ಸಾಲಿನಲ್ಲಿ ಬಾಳೆಹಣ್ಣಿನೊಂದಿಗೆ ತೆಂಗಿನಕಾಯಿಯೂ ಇದೆ.

ಈಗ ತೇವದ ಮಾತು, ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ನಮ್ಮ ಊರಿನ ಮನೆಗಳಲ್ಲಿ ಬಾಗಿಲು, ಕಿಟಕಿಯ ಸಂದುಗಳಿಂದ ಗಾಳಿ ತಾನಾಗಿ ಓಡಾಡುತ್ತದೆ. ಇಲ್ಲಿನ ಕಿಟಕಿಗಳು ಮುಚ್ಚಿದರೆ ಡಬ್ಬಿಯ ಮುಚ್ಚಳದಂತೆ ಬಿಗಿಯಾಗುತ್ತವೆ. ಇಡ್ಲಿಯ ಹಬೆ, ಕುಕ್ಕರಿನ ಆವಿ, ಸ್ನಾನದ ಬಿಸಿನೀರು, ಒಳಗೇ ಒಣಹಾಕಿದ ಬಟ್ಟೆ ಇವುಗಳ ನೀರೆಲ್ಲ ಕೋಣೆಯೊಳಗೇ ಸುತ್ತಾಡಿ, ಹೊರಗಿನ ಚಳಿಗೆ ತಣ್ಣಗಾಗಿರುವ ಗೋಡೆಯ ಮೇಲೆ ಇಳಿಯುತ್ತದೆ. ಆ ಗೋಡೆಗೆ ಕಪಾಟು ಒತ್ತಿಕೊಂಡಿದ್ದರೆ ಅದರ ಹಿಂದೆ ಗಾಳಿಯಾಡದೆ ಕೆಲವೇ ವಾರಗಳಲ್ಲಿ ಕಪ್ಪು ಬೂಷ್ಟು ಹಬ್ಬುತ್ತದೆ. ಕಪಾಟನ್ನು ಸರಿಸುವವರೆಗೆ ಅದು ಯಾರಿಗೂ ಕಾಣುವುದಿಲ್ಲ. ಹಾಗಾಗಿ ಬಟ್ಟೆಯ ಬೀರು, ಪುಸ್ತಕದ ಕಪಾಟುಗಳನ್ನು ಒಳಗೋಡೆಗಳಿಗೆ ಇಡಿ, ಹೊರಗೋಡೆಗೇ ಇಡಬೇಕಾಗಿ ಬಂದರೆ ಐದರಿಂದ ಹತ್ತು ಸೆಂಟಿಮೀಟರ್ ಅಂತರ ಬಿಡಿ. ಚಳಿಗಾಲದಲ್ಲಿಯೂ ದಿನಕ್ಕೆ ಮೂರು ನಾಲ್ಕು ಸಲ ಎದುರುಬದುರಿನ ಕಿಟಕಿಗಳನ್ನು ಐದು ನಿಮಿಷ ಪೂರ್ತಿ ತೆರೆಯಬೇಕು. ದಿನವಿಡೀ ಮೇಲ್ಭಾಗವನ್ನಷ್ಟೇ ಓರೆಯಾಗಿ ತೆರೆದಿಟ್ಟರೆ ಗೋಡೆ ಇನ್ನಷ್ಟು ತಣ್ಣಗಾಗಿ ತೊಂದರೆ ಹೆಚ್ಚುತ್ತದೆ. ಕಡಿಮೆ ಬೆಲೆಯ ತೇವಮಾಪಕವೊಂದನ್ನು ಮಲಗುವ ಕೋಣೆಯಲ್ಲಿಟ್ಟು, ಅಂಕಿ ಶೇಕಡಾ 60 ದಾಟದಂತೆ ನೋಡಿಕೊಳ್ಳಿ. ಬೂಷ್ಟಿಗೆ ಕಾರಣ ಕಟ್ಟಡವೋ ಬಾಡಿಗೆದಾರರೋ ಎಂಬ ಜಗಳ ಇಲ್ಲಿ ನಿತ್ಯದ್ದು, ಅದರಲ್ಲಿ ಅಡುಗೆಯ ಒಗ್ಗರಣೆಯೇ ಮೊದಲು ಆರೋಪಿಯಾಗುತ್ತದೆ.

ಇದೇ ಕಾರಣಕ್ಕೆ ಕೆಲ್ಲರ್ ಎಂಬ ನೆಲಮಾಳಿಗೆಯ ಕೋಣೆಯನ್ನೂ ನಂಬಿಬಿಡಬೇಡಿ. ಖಾಲಿ ಸೂಟ್‌ಕೇಸು, ಸೈಕಲ್ಲು, ಬೇಸಿಗೆಯ ಫ್ಯಾನು, ಹೆಚ್ಚುವರಿ ಟೈಲುಗಳಿಗೆ ಅದು ಸರಿಯಾದ ಜಾಗ. ರೇಷ್ಮೆ ಸೀರೆ, ಪುಸ್ತಕ, ಹಾಸಿಗೆ, ಅಕ್ಕಿಯ ಮೂಟೆ, ಪದವಿ ಪತ್ರಗಳು ಅಲ್ಲಿಗೆ ಹೋಗಲೇಬಾರದು. ಹಳೆಯ ಕಟ್ಟಡಗಳ ನೆಲಮಾಳಿಗೆಯಲ್ಲಿ ಮೈಸೂರು ರೇಷ್ಮೆಯ ಜರಿ ಒಂದೇ ವರ್ಷದಲ್ಲಿ ಕಪ್ಪಾಗಬಹುದು. ದಿನಸಿಯ ವಿಷಯದಲ್ಲಿ ಹುಳುವಿನದೇ ಚಿಂತೆ. ಭಾರತೀಯ ಅಂಗಡಿಯಲ್ಲಿ ಅಗ್ಗವೆಂದು ದೊಡ್ಡ ಚೀಲಗಳಲ್ಲಿ ತಂದ ಅಕ್ಕಿ, ರಾಗಿ ಹಿಟ್ಟು, ಬೇಳೆಗಳಲ್ಲಿ ಬರುವ ಸಣ್ಣ ಪತಂಗದ ಮರಿಹುಳು ಚೀಲದ ಪ್ಲಾಸ್ಟಿಕ್ಕನ್ನೂ ಕೊರೆದು ಪಕ್ಕದ ಚೀಲಕ್ಕೆ ಹೋಗುತ್ತದೆ. ಹಿಟ್ಟು ಬೇಳೆಗಳನ್ನು ಕೆಲವು ದಿನ ಫ್ರೀಜರಿನಲ್ಲಿಟ್ಟು, ಆಮೇಲೆ ಬಿಗಿ ಮುಚ್ಚಳದ ಸ್ಟೀಲ್ ಅಥವಾ ಗಾಜಿನ ಡಬ್ಬಗಳಿಗೆ ಹಾಕಿದರೆ ಈ ಕಾಟ ಬಹುತೇಕ ತಪ್ಪುತ್ತದೆ.

ಸಿಂಕಿನ ಕೆಳಗಿನ ಜಾಗವನ್ನು ಕಸಕ್ಕೆಂದೇ ಬಿಡಿ. ಕಾಗದ, ಪ್ಯಾಕಿಂಗ್, ಹಸಿಕಸ, ಉಳಿದದ್ದು ಎಂದು ನಾಲ್ಕು ಬಗೆ ಬೇರ್ಪಡಿಸಬೇಕು. ತೊಟ್ಟಿಗಳ ಬಣ್ಣ ಊರಿಂದೂರಿಗೆ ಬದಲಾಗುವುದರಿಂದ ನಿಮ್ಮ ನಗರಪಾಲಿಕೆಯ ಪಟ್ಟಿಯನ್ನೇ ಅನುಸರಿಸಿ. ಗಾಜಿನ ಶೀಶೆಗಳು ಬಿಳಿ, ಹಸಿರು, ಕಂದು ಎಂದು ಬೀದಿಯ ಡಬ್ಬಿಗಳಿಗೆ ಹೋಗುತ್ತವೆ, ಅದೂ ಭಾನುವಾರ ಹಾಕುವಂತಿಲ್ಲ. 25 ಸೆಂಟ್ ಠೇವಣಿಯಿರುವ ಪ್ಲಾಸ್ಟಿಕ್ ಬಾಟಲಿಗಳನ್ನು ಜಜ್ಜದೆ ಚೀಲವೊಂದರಲ್ಲಿ ಕೂಡಿಟ್ಟು ಅಂಗಡಿಗೆ ಹಿಂದಿರುಗಿಸಿ. ಚಪ್ಪಲಿ ಸ್ಟ್ಯಾಂಡನ್ನು ಮಾತ್ರ ಮನೆಯೊಳಗೇ ಇಡಬೇಕು; ಮೆಟ್ಟಿಲಿನ ಜಾಗ ಬೆಂಕಿ ಬಿದ್ದಾಗ ಓಡುವ ದಾರಿಯಾದ್ದರಿಂದ ಬಹುತೇಕ ಕಟ್ಟಡಗಳ ನಿಯಮಾವಳಿ ಅಲ್ಲಿ ಏನನ್ನೂ ಇಡಗೊಡುವುದಿಲ್ಲ.

ಗೋಡೆಗೆ ಮೊಳೆ, ಸ್ಕ್ರೂ ಹಾಕುವುದು ಕೊನೆಯ ಹಂತ. ಸ್ವಿಚ್ಚು, ಸಾಕೆಟ್ಟುಗಳ ನೇರ ಮೇಲೆ, ಕೆಳಗೆ, ಪಕ್ಕದಲ್ಲಿ ತಂತಿ ಹೋಗಿರುವ ಸಾಧ್ಯತೆಯಿರುವುದರಿಂದ ಅಲ್ಲಿ ಕೊರೆಯಬೇಡಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ, ಹಾಗೆಯೇ ಭಾನುವಾರ ಇಡೀ ದಿನ, ಡ್ರಿಲ್ ಮುಟ್ಟಬೇಡಿ. ದೇವರ ಮನೆಗೆಂದು ಹಲಗೆ ಕೂರಿಸುವವರು ಚಾವಣಿಯ ಹೊಗೆಸೂಚಕದಿಂದ ದೂರದ ಮೂಲೆಯನ್ನು ಆರಿಸಿಕೊಳ್ಳಲಿ. ಊದುಬತ್ತಿ ಹಚ್ಚಲು ತೊಡಕಾಗುತ್ತದೆಂದು ಆ ಯಂತ್ರವನ್ನು ಕಳಚಿಡುವಂತಿಲ್ಲ.

ಕಾಗದಪತ್ರಗಳಿಗೆ ಎರಡು ತೂತಿನ ದಪ್ಪ ಫೈಲೊಂದನ್ನು ಮೊದಲ ವಾರವೇ ಕೊಂಡು ಬಾಡಿಗೆ ಕರಾರು, ಹಸ್ತಾಂತರ ಪತ್ರ, ನೋಂದಣಿ, ವಿಮೆಗಳನ್ನು ಬೇರೆಬೇರೆ ವಿಭಾಗಗಳಲ್ಲಿ ಸೇರಿಸುತ್ತಾ ಹೋಗಿ. ಹೀಟಿಂಗ್, ನೀರು ಇತ್ಯಾದಿ ಖರ್ಚಿನ ವಾರ್ಷಿಕ ಲೆಕ್ಕವನ್ನು ಮಾಲೀಕರು ಆ ಲೆಕ್ಕದ ಅವಧಿ ಮುಗಿದ 12 ತಿಂಗಳೊಳಗೆ ಕೊಡಬೇಕೆಂಬ ನಿಯಮವಿದೆ. ಅದು ಬಂದಾಗ ಮೊದಲ ದಿನ ಬರೆದಿಟ್ಟ ಮೀಟರಿನ ಅಂಕಿಗಳನ್ನು ತೆಗೆದು ತಾಳೆ ನೋಡಿ, ವ್ಯತ್ಯಾಸ ಕಂಡರೆ ಲಿಖಿತವಾಗಿಯೇ ವಿವರಣೆ ಕೇಳಿ.