ಪೌಲನ ಪತ್ರದಲ್ಲಿ ಮದುವೆ ಮತ್ತು ಅವಿವಾಹಿತ ಜೀವನ: ಗ್ರೀಕ್ ವ್ಯಾಕರಣದ ನೆರವಿನಿಂದ ಓದುವ ಕ್ರಮ

ಕ್ರೈಸ್ತ ಅಪೊಸ್ತಲನಾದ ಪೌಲನು ಸುಮಾರು ಕ್ರಿ.ಶ. 54–55ರಲ್ಲಿ ಎಫೆಸದಿಂದ ಕೊರಿಂಥದ ಕ್ರೈಸ್ತರಿಗೆ ಬರೆದ, ಬೈಬಲಿನಲ್ಲಿ ‘ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರ’ವೆನಿಸಿದ ಪತ್ರದ ಏಳನೆಯ ಅಧ್ಯಾಯವನ್ನು ಗ್ರೀಕಿನಲ್ಲಿ ಓದುವವರು ಮೊದಲು ಪ್ರತಿಯೊಂದು ಮಾತು ಯಾರದೆಂದು ಕೇಳಿಕೊಳ್ಳಬೇಕು. ‘ನೀವು ಬರೆದ ವಿಷಯಗಳ ಕುರಿತು’ ಎಂದು ಆರಂಭಿಸಿದ ಬೆನ್ನಿಗೇ, ಪುರುಷನು ಸ್ತ್ರೀಯನ್ನು ಮುಟ್ಟದಿರುವುದು ಒಳ್ಳೆಯದೆಂಬ ಮಾತು ಬರುತ್ತದೆ. ಪ್ರಾಚೀನ ಹಸ್ತಪ್ರತಿಗಳಲ್ಲಿ ಉದ್ಧರಣ ಚಿಹ್ನೆಗಳಿಲ್ಲ. ನಮ್ಮ ‘ಎಂದು’ ಎಂಬುದಕ್ಕೆ ಹತ್ತಿರವಾದ ‘ಹೋತಿ’ ಕೂಡ ಇಲ್ಲಿಲ್ಲ. ಆದರೂ ಮುಂದಿನ ವಾಕ್ಯ ‘ದೆ’ (ಆದರೆ) ಎಂದು ತಿರುಗುವುದರಿಂದ ಅದು ಕೊರಿಂಥದವರ ಮಾತೇ ಇರಬೇಕೆಂದು ಅನೇಕ ವಿದ್ವಾಂಸರು ಭಾವಿಸುತ್ತಾರೆ. ನನಗೂ ಅದೇ ಸರಿಯೆನಿಸುತ್ತದೆ. ಆದರೆ ವ್ಯಾಕರಣ ಅದಕ್ಕೆ ಅವಕಾಶ ಕೊಡುತ್ತದೆಯೇ ಹೊರತು ಅದನ್ನು ಸಾಧಿಸುವುದಿಲ್ಲ.

ಎರಡನೆಯದಾಗಿ ಕ್ರಿಯಾಪದದ ಕಾಲರೂಪವನ್ನು ಗುರುತಿಸಿ. 27ನೆಯ ವಚನದ ‘ದೆದೆಸಾಯ್’ (ಹೆಂಡತಿಗೆ ಕಟ್ಟಲ್ಪಟ್ಟಿದ್ದೀಯೆ), ‘ಲೆಲುಸಾಯ್’ (ಬಿಡಿಸಲ್ಪಟ್ಟಿದ್ದೀಯೆ) ಎರಡೂ ಪರ್ಫೆಕ್ಟ್ ಕಾಲದ, ಎಂದರೆ ಮುಗಿದ ಕ್ರಿಯೆಯಿಂದ ಉಳಿದ ಸ್ಥಿತಿಯನ್ನು ತೋರಿಸುವ ಕಾಲದ, ಕರ್ಮಣಿ ರೂಪಗಳು. ‘ಕಟ್ಟಲ್ಪಟ್ಟೆ’ ಎಂಬ ಘಟನೆಗಿಂತ ‘ಕಟ್ಟಿಗೊಳಗಾಗಿದ್ದೀಯೆ’ ಎಂಬ ಸದ್ಯದ ಸ್ಥಿತಿಗೆ ಇಲ್ಲಿ ಒತ್ತಿದೆ. ಹಾಗಾಗಿ ‘ಲೆಲುಸಾಯ್’ ಎಂದರೆ ಹೆಂಡತಿಯ ಬಂಧನವಿಲ್ಲದವನು. ಅವನು ಒಮ್ಮೆ ಮದುವೆಯಾಗಿ ಬಿಡುಗಡೆ ಹೊಂದಿದವನೋ, ಎಂದೂ ಮದುವೆಯಾಗದವನೋ ಎಂಬುದನ್ನು ಆ ರೂಪವೊಂದರಿಂದಲೇ ನಿರ್ಧರಿಸಲಾಗದು. ವಿಚ್ಛೇದಿತರ ಮರುಮದುವೆಯ ವಾದಗಳಲ್ಲಿ ಈ ಒಂದು ಪದದ ಮೇಲೆ ಅದು ಹೊರಲಾರದಷ್ಟು ಭಾರವನ್ನು ಹೇರಲಾಗಿದೆ.

ಅತ್ಯಂತ ತೊಡಕಿನದು, ಒಬ್ಬ ಪುರುಷನು ತನ್ನ ‘ಕನ್ಯೆ’ಯ ಮದುವೆಯ ವಿಷಯದಲ್ಲಿ ಏನು ಮಾಡಬೇಕೆಂದು ಹೇಳುವ 36ರಿಂದ 38ರವರೆಗಿನ ಭಾಗ. ‘ಹುಪೆರಾಕ್ಮೊಸ್’ ಎಂಬ ವಿಶೇಷಣಕ್ಕೆ ಪುಲ್ಲಿಂಗ, ಸ್ತ್ರೀಲಿಂಗಗಳಲ್ಲಿ ಒಂದೇ ರೂಪ. ‘ಅವನು’, ‘ಅವಳು’ ಎಂಬ ಭೇದವನ್ನು ಗ್ರೀಕ್ ಕ್ರಿಯಾಪದ ಕನ್ನಡದಂತೆ ತೋರಿಸುವುದೂ ಇಲ್ಲ. ಆದ್ದರಿಂದ ಪ್ರಾಯ ಮೀರಿದವಳು ಕನ್ಯೆಯೋ, ಕಾಮಾವೇಗಕ್ಕೆ ಸಿಲುಕಿದವನು ಪುರುಷನೋ ಎಂಬ ಪ್ರಶ್ನೆ ತೆರೆದೇ ಉಳಿಯುತ್ತದೆ. 38ರ ‘ಗಮಿಜೋ’ ಎಂಬುದನ್ನು ‘ಮದುವೆ ಮಾಡಿಕೊಡು’ ಎಂದು ಪ್ರೇರಣಾರ್ಥಕವಾಗಿ ಓದಿದರೆ ಅವನು ಕನ್ಯೆಯ ತಂದೆಯಾಗುತ್ತಾನೆ. ‘ಮದುವೆಯಾಗು’ ಎಂದೇ ಓದಿದರೆ ಆಕೆಯನ್ನು ವರಿಸಲಿರುವವನಾಗುತ್ತಾನೆ. 36ರಲ್ಲಿ ‘ಅವರು ಮದುವೆಯಾಗಲಿ’ ಎಂಬ ಬಹುವಚನವಿರುವುದರಿಂದ ಎರಡನೆಯ ಓದು ಹೆಚ್ಚು ಸಹಜವೆಂದು ನನ್ನ ಅಭಿಪ್ರಾಯ. ಅನುವಾದಿಸುವವರು ಒಂದನ್ನು ಪಠ್ಯದಲ್ಲಿಟ್ಟು, ಇನ್ನೊಂದನ್ನು ಅಡಿಟಿಪ್ಪಣಿಯಲ್ಲಿ ಕೊಡುವುದು ಪ್ರಾಮಾಣಿಕ ಕ್ರಮ.

ಕೊನೆಗೆ ಮಾತಿನ ಅಧಿಕಾರವನ್ನು ಬೇರ್ಪಡಿಸಿ ಗುರುತು ಹಾಕಿಕೊಳ್ಳಿ. 10ರಲ್ಲಿ ಮದುವೆಯಾದವರಿಗೆ ಕೊಡುವ ಮಾತನ್ನು ಪೌಲನು ಕರ್ತನ (ಯೇಸುವಿನ) ಅಪ್ಪಣೆಯೆಂದು ಹೇಳುತ್ತಾನೆ. 25ರಲ್ಲಿ ಕನ್ಯೆಯರ ವಿಷಯವಾಗಿ ಅಂಥ ಅಪ್ಪಣೆ ತನಗಿಲ್ಲವೆಂದು ಒಪ್ಪಿಕೊಂಡು ‘ಗ್ನೋಮೆ’ಯನ್ನು, ಎಂದರೆ ತನ್ನ ಅಭಿಪ್ರಾಯವನ್ನು, ಕೊಡುತ್ತಾನೆ.