ಡಿಸ್ಕ್ ಕೊಳ್ಳುವ ಮೊದಲು ರೇಡ್ ಕಾರ್ಡ್ ನೋಡಿ: ನನ್ನ ಅನುಭವ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಒಂದು ಕಂಪನಿಯ ಸರ್ವರ್‌ಗಳನ್ನು ನಾನು ನೋಡಿಕೊಳ್ಳುತ್ತೇನೆ. ಬಿಲ್ಲಿಂಗ್‌ನ ಪೋಸ್ಟ್‌ಗ್ರೆಸ್ ಡೇಟಾಬೇಸ್ ಮತ್ತು ಡಿಸೈನ್ ವಿಭಾಗದ ಡ್ರಾಯಿಂಗ್ ಫೈಲುಗಳು ಒಂದೇ ಸರ್ವರ್‌ನಲ್ಲಿದ್ದವು. 600 ಜಿಬಿಯ ನಾಲ್ಕು 10ಕೆ ಸಾಸ್ ಡಿಸ್ಕ್ (ನಿಮಿಷಕ್ಕೆ 10,000 ಸುತ್ತು ತಿರುಗುವ ಸರ್ವರ್ ಡಿಸ್ಕ್), ಅವನ್ನು ಒಂದಾಗಿ ನಡೆಸುವ ಒಂದು ಮೆಗಾರೇಡ್ ಕಾರ್ಡ್ (ಇದೇ ರೇಡ್ ಕಾರ್ಡ್), ಒಂದು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ರೇಡ್ 5 ಜೋಡಣೆ. ಕೈಗೆ ಸಿಗುವ ಜಾಗ 1.8 ಟಿಬಿ, ಅದೂ ತುಂಬುತ್ತಾ ಬಂದಿತ್ತು. ತಿಂಗಳ ಕೊನೆ ಬಂದರೆ ಅಕೌಂಟ್ಸ್‌ನಿಂದ ಫೋನ್: "ಸರ್, ಸೇವ್ ಕೊಟ್ರೆ ಸುತ್ತುತ್ತಾನೇ ಇರುತ್ತೆ, ಸ್ವಲ್ಪ ನೋಡ್ತೀರಾ?"

ಇನ್ನೆರಡು ಡಿಸ್ಕ್ ಹಾಕಿದರೆ ಎರಡೂ ಸರಿಹೋಗುತ್ತದೆ ಎಂಬುದು ಆಫೀಸಿನಲ್ಲಿ ಎಲ್ಲರ ಲೆಕ್ಕ. ನನಗೆ ಹಾಗನ್ನಿಸಲಿಲ್ಲ. ಜಾಗದ ತೊಂದರೆ ಬೇರೆ, ವೇಗದ ತೊಂದರೆ ಬೇರೆ. ಡಿಸ್ಕಿನ ಕೆಲಸ ಅಳೆಯುವ ಐಓಸ್ಟ್ಯಾಟ್ ಕಮಾಂಡ್ ಹಾಕಿ ನೋಡಿದೆ. ಸಿಪಿಯು ಆರಾಮಾಗಿತ್ತು. ಓದುವುದಕ್ಕೆ ಕಾಯುವ ಹೊತ್ತು ಸಾಧಾರಣ, ಬರೆಯುವುದಕ್ಕೆ ಕಾಯುವ ಹೊತ್ತು ಮಾತ್ರ ತೀರಾ ಜಾಸ್ತಿ.

ರೇಡ್ ಕಾರ್ಡನ್ನು ನಿರ್ವಹಿಸುವ ಸ್ಟೋರ್‌ಸಿಎಲ್‌ಐ ಕಮಾಂಡಿನಲ್ಲಿ ಕಾರ್ಡಿನ ಸ್ಥಿತಿ ತೆಗೆದಾಗ ಕಾರಣ ಸಿಕ್ಕಿತು. ಸೆಟ್ಟಿಂಗ್ ರೈಟ್ ಬ್ಯಾಕ್ ಅಂತಲೇ ಇತ್ತು, ಆದರೆ ಆಗ ಜಾರಿಯಲ್ಲಿದ್ದದ್ದು ರೈಟ್ ಥ್ರೂ. ಕಾರ್ಡಿನ ಬ್ಯಾಟರಿ ಸತ್ತಿತ್ತು.

ರೈಟ್ ಬ್ಯಾಕ್‌ನಲ್ಲಿ ಡೇಟಾ ಕಾರ್ಡಿನ 1 ಜಿಬಿ ಮೆಮೊರಿಗೆ ಬಂದ ತಕ್ಷಣ "ಬರೆದಾಯ್ತು" ಎಂದು ಉತ್ತರ ಹೋಗುತ್ತದೆ. ಡಿಸ್ಕಿಗೆ ಬರೆಯುವ ಕೆಲಸವನ್ನು ಕಾರ್ಡ್ ಆಮೇಲೆ ಒಟ್ಟುಗೂಡಿಸಿ ಮಾಡುತ್ತದೆ. ಕರೆಂಟ್ ಹೋದರೆ ಆ ಮೆಮೊರಿಯಲ್ಲಿರುವುದನ್ನು ಉಳಿಸುವುದು ಬ್ಯಾಟರಿ. ಅದು ಸತ್ತರೆ ಕಾರ್ಡ್ ತಾನಾಗಿಯೇ ರೈಟ್ ಥ್ರೂಗೆ ಇಳಿದು, ಪ್ರತಿ ಸಲವೂ ಡಿಸ್ಕ್ ಬರೆದು ಮುಗಿಸುವ ತನಕ ಕಾಯುತ್ತದೆ.

ರೇಡ್ 5ರಲ್ಲಿ ಈ ಕಾಯುವಿಕೆ ಇನ್ನೂ ದುಬಾರಿ. ಒಂದು ಸಣ್ಣ ಬರಹಕ್ಕೆ ಡಿಸ್ಕುಗಳ ಮೇಲೆ ನಾಲ್ಕು ಕೆಲಸ: ಹಳೆಯ ಡೇಟಾ ಓದು, ಹಳೆಯ ಪ್ಯಾರಿಟಿ (ಕೆಟ್ಟ ಡಿಸ್ಕಿನ ಡೇಟಾ ಮರಳಿ ಕಟ್ಟಲು ಇಡುವ ಲೆಕ್ಕ) ಓದು, ಹೊಸ ಡೇಟಾ ಬರೆ, ಹೊಸ ಪ್ಯಾರಿಟಿ ಬರೆ. 10ಕೆ ಡಿಸ್ಕ್ ಒಂದು ಸೆಕೆಂಡಿಗೆ ಸುಮಾರು 140 ಕೆಲಸ ಮಾಡುತ್ತದೆ ಎಂದುಕೊಳ್ಳಿ. ನಾಲ್ಕು ಡಿಸ್ಕಿಗೆ 560. ನಾಲ್ಕರಿಂದ ಭಾಗಿಸಿದರೆ ಸೆಕೆಂಡಿಗೆ ಬರೀ 140 ಬರಹ. ಅವೇ ಡಿಸ್ಕುಗಳು ರೇಡ್ 10ರಲ್ಲಿದ್ದರೆ 280, ಏಕೆಂದರೆ ಅಲ್ಲಿ ಪ್ಯಾರಿಟಿ ಇಲ್ಲ, ಡೇಟಾದ ಎರಡು ಪ್ರತಿ ಬರೆದರಾಯ್ತು, ಒಂದು ಬರಹಕ್ಕೆ ಎರಡೇ ಕೆಲಸ.

ಬ್ಯಾಟರಿ ಇಲ್ಲದಿದ್ದರೂ ರೈಟ್ ಬ್ಯಾಕ್ ಆನ್ ಇರಲಿ ಎಂದು ಒತ್ತಾಯಿಸುವ ಸೆಟ್ಟಿಂಗ್ ಕೂಡ ಕಾರ್ಡಿನಲ್ಲಿದೆ. ಯುಪಿಎಸ್ ಇದೆಯಲ್ವಾ ಎಂದು ಎಷ್ಟೋ ಜನ ಅದನ್ನೇ ಒತ್ತುತ್ತಾರೆ. ದಯವಿಟ್ಟು ಬೇಡ. ಸರ್ವರ್‌ನ ಪವರ್ ಸಪ್ಲೈ ಅಥವಾ ಮದರ್‌ಬೋರ್ಡ್ ಕೈಕೊಟ್ಟರೆ ಯುಪಿಎಸ್ ಏನೂ ಮಾಡಲಾರದು. ನಾನು ಹೊಸ ಬ್ಯಾಟರಿ ತರಿಸಿದೆ. ಅದು ಚಾರ್ಜ್ ಆದ ಮೇಲೆ ಬರೆಯಲು ಕಾಯುವ ಹೊತ್ತು ಕಣ್ಣಿಗೆ ಕಾಣುವಷ್ಟು ಇಳಿಯಿತು. ಹೊಸ ಕಾರ್ಡ್ ಕೊಳ್ಳುವವರು ಬ್ಯಾಟರಿಯ ಬದಲು, ಕರೆಂಟ್ ಹೋದಾಗ ಮೆಮೊರಿಯಲ್ಲಿರುವುದನ್ನು ಬರೆದಿಡುವ ಫ್ಲ್ಯಾಶ್ ಮತ್ತು ಅದಕ್ಕೆ ಶಕ್ತಿ ಕೊಡುವ ಸೂಪರ್ ಕೆಪಾಸಿಟರ್ ಇರುವುದನ್ನೇ ಕೇಳಿ ಪಡೆಯಿರಿ.

ಆಮೇಲೆ ಜಾಗದ ಕೆಲಸ. ಎಂಟು ಡಿಸ್ಕ್ ಹಿಡಿಸುವ ಸರ್ವರ್, ನಾಲ್ಕು ಸ್ಲಾಟ್ ಖಾಲಿ. ಎರಡಕ್ಕೆ ಸರ್ವರ್ ದರ್ಜೆಯ ಎಸ್‌ಎಸ್‌ಡಿ ಹಾಕಿ, ರೇಡ್ 1 (ಎರಡರಲ್ಲೂ ಒಂದೇ ಡೇಟಾ) ಮಾಡಿ, ಡೇಟಾಬೇಸನ್ನು ಅಲ್ಲಿಗೆ ಸಾಗಿಸಿದೆ. ಈ ಜೋಡಿಗೆ ರೈಟ್ ಥ್ರೂ ಇಟ್ಟು, ರೀಡ್ ಅಹೆಡ್ (ಕೇಳುವ ಮೊದಲೇ ಮುಂದಿನ ಡೇಟಾ ಓದಿಡುವುದು) ಆಫ್ ಮಾಡಿದೆ. ವೇಗದ ಎಸ್‌ಎಸ್‌ಡಿಗೆ ಕಾರ್ಡಿನ ಕ್ಯಾಶ್ (ಆ 1 ಜಿಬಿ ಮೆಮೊರಿ) ಸುಮ್ನೆ ಅಡ್ಡ ಬರುತ್ತದೆ. ಒಂದೇ ಕಾರ್ಡಿನಲ್ಲಿ ಪ್ರತಿ ವರ್ಚುವಲ್ ಡ್ರೈವ್, ಅಂದರೆ ಕಾರ್ಡ್ ಡಿಸ್ಕುಗಳನ್ನು ಸೇರಿಸಿ ಒಂದೇ ಡಿಸ್ಕಿನಂತೆ ತೋರಿಸುವ ಪ್ರತಿ ಡ್ರೈವ್‌ಗೂ ಬೇರೆ ಬೇರೆ ನಿಯಮ ಇಡಬಹುದು ಎಂಬುದನ್ನು ಬಹಳ ಮಂದಿ ಬಳಸಿಕೊಳ್ಳುವುದೇ ಇಲ್ಲ.

ಉಳಿದ ಎರಡು ಸ್ಲಾಟಿಗೆ ಹಳೆಯದರಂಥವೇ 600 ಜಿಬಿ ಡಿಸ್ಕ್. ಅವನ್ನು ಸೇರಿಸುತ್ತಲೇ ರೇಡ್ 5 ಅನ್ನು, ಎರಡು ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ರೇಡ್ 6 ಮಾಡಿದೆ. ಆರು ಡಿಸ್ಕ್, 2.4 ಟಿಬಿ. ರೇಡ್ 5 ಆಗಿಯೇ ಬಿಟ್ಟಿದ್ದರೆ 3 ಟಿಬಿ ಸಿಗುತ್ತಿತ್ತು. ಆದರೆ ರೇಡ್ 5ರಲ್ಲಿ ವಯಸ್ಸಾದ ಡಿಸ್ಕುಗಳಲ್ಲಿ ಒಂದು ಹೋಗಿ ರೀಬಿಲ್ಡ್ (ಹೊಸ ಡಿಸ್ಕಿಗೆ ಡೇಟಾ ಮರಳಿ ಕಟ್ಟುವ ಕೆಲಸ) ನಡೆಯುವಾಗ ಇನ್ನೊಂದು ಹೋದರೆ ಎಲ್ಲವೂ ಹೋದಂತೆ. ರೇಡ್ 6ರಲ್ಲಿ ಸಣ್ಣ ಬರಹಕ್ಕೆ ಆರು ಕೆಲಸ, ನಿಜ. ಡ್ರಾಯಿಂಗ್ ಫೈಲುಗಳನ್ನು ಬರೆಯುವುದಕ್ಕಿಂತ ಓದುವುದೇ ಜಾಸ್ತಿಯಾದ್ದರಿಂದ ಇಲ್ಲಿ ಅದು ಒಪ್ಪುವ ಬೆಲೆ.

ಶುರು ಮಾಡುವ ಮುಂಚೆ ಬ್ಯಾಕಪ್ ತೆಗೆದು, ಅದನ್ನು ಬೇರೆ ಮಷೀನಿನಲ್ಲಿ ರೀಸ್ಟೋರ್ ಮಾಡಿ ಫೈಲುಗಳನ್ನು ತೆರೆದು ನೋಡಿದೆ. ರೇಡ್ 5ರಿಂದ 6ಕ್ಕೆ ಹೋಗುವ ಈ ಮೈಗ್ರೇಷನ್ ನಡುವೆ ನಿಲ್ಲಿಸಿ ಹಿಂದಕ್ಕೆ ಹೋಗುವ ದಾರಿ ಇಲ್ಲ. ಇನ್ನೊಂದು ವಿಷಯ: ಆ ಡಿಸ್ಕ್ ಗುಂಪಿನಲ್ಲಿ ಒಂದಕ್ಕಿಂತ ಹೆಚ್ಚು ವರ್ಚುವಲ್ ಡ್ರೈವ್ ಇದ್ದರೆ ಈ ವಿಸ್ತರಣೆ ಆಗುವುದಿಲ್ಲ. ನಮ್ಮಲ್ಲಿ ಒಂದೇ ಇತ್ತು. ಜನ ಕೆಲಸ ಮಾಡುತ್ತಿರುವಾಗಲೇ ಇದು ನಡೆಯುತ್ತದೆ, ಆದರೆ ನಿಧಾನ. ಅದಕ್ಕೇ ರಜೆಗೆ ಹೊಂದಿಸಿಕೊಂಡೆ.

ಕಾರ್ಡಿನ ಕೆಲಸ ಮುಗಿದ ಮಾತ್ರಕ್ಕೆ ಲಿನಕ್ಸ್‌ಗೆ ಹೊಸ ಜಾಗ ಸಿಗುವುದಿಲ್ಲ. ಡಿವೈಸ್ ರೀಸ್ಕ್ಯಾನ್ ಮಾಡಬೇಕು, ಪಾರ್ಟಿಷನ್ ಹಿಗ್ಗಿಸಬೇಕು, ನಂತರ ಆ ಜಾಗವನ್ನು ಫೈಲುಗಳ ತನಕ ಮುಟ್ಟಿಸುವ ಮೂರು ಕಮಾಂಡ್: ಪಿವಿರೀಸೈಜ್, ಎಲ್‌ವಿಎಕ್ಸ್‌ಟೆಂಡ್, ಎಕ್ಸ್‌ಎಫ್‌ಎಸ್ ಗ್ರೋಎಫ್‌ಎಸ್. ಹಳೆಯ ಬಗೆಯ ಎಂಬಿಆರ್ ಪಾರ್ಟಿಷನ್ ಟೇಬಲ್ (ಡಿಸ್ಕಿನ ಭಾಗಗಳ ಪಟ್ಟಿ) ಇದ್ದರೆ ಸುಮಾರು 2 ಟಿಬಿಗೇ ಗಾಡಿ ನಿಲ್ಲುತ್ತದೆ. ನಮ್ಮದು ಹೊಸ ಬಗೆಯ ಜಿಪಿಟಿ ಟೇಬಲ್ ಆದ್ದರಿಂದ ಸಲೀಸಾಗಿ ದಾಟಿತು.

ಈಗ ಒಂದು ಚಿಕ್ಕ ಸ್ಕ್ರಿಪ್ಟ್ ದಿನಾ ಬೆಳಿಗ್ಗೆ ಬ್ಯಾಟರಿಯ ಸ್ಥಿತಿಯನ್ನೂ, ಜಾರಿಯಲ್ಲಿರುವ ರೈಟ್ ಪಾಲಿಸಿಯನ್ನೂ ಓದುತ್ತದೆ. ನಾನು ಇಟ್ಟದ್ದಕ್ಕೂ ಕಾರ್ಡ್ ನಡೆಸುತ್ತಿರುವುದಕ್ಕೂ ವ್ಯತ್ಯಾಸ ಕಂಡರೆ ನನಗೆ ಮೇಲ್ ಬರುತ್ತದೆ.